ಇನ್ನೂರ ಎಂಬತ್ತಾರು ಯಾರದು

ಬೆಳಗಿನ ಹಾಲು ಅಳೆದು ಮುಗಿಯುವ ಹೊತ್ತಿಗೆ ವೆಂಕಟರತ್ನಮ್ಮನ ತಾಳ್ಮೆಯೂ ಮುಗಿದಿರುತ್ತಿತ್ತು. ಹಾಲಿನಿಂದಲ್ಲ, ಹಾಲು ತರುವವರಿಂದ.

ಕ್ಯಾಸಂಬಳ್ಳಿಗೆ ಎರಡು ಮೈಲಿ ದೂರದ ಆ ಹಳ್ಳಿಯಲ್ಲಿ ಹೆಂಗಸರದೇ ಒಂದು ಹಾಲಿನ ಡೈರಿ ಇತ್ತು. ಅಲ್ಲಿ ಅವಳು ಟೆಸ್ಟರು. ಒಬ್ಬೊಬ್ಬರ ಪಾತ್ರೆಯಿಂದಲೂ ಒಂದಿಷ್ಟು ಹಾಲು ತೆಗೆದು, ನೀರು ಬೆರೆತಿದೆಯೋ ಎಂದು ಲ್ಯಾಕ್ಟೋಮೀಟರು ತೇಲಿಬಿಟ್ಟು, ಡಿಗ್ರಿ ನೋಡಿ, ಸರಿಯಿದ್ದರೆ ಕ್ಯಾನಿಗೆ, ಇಲ್ಲದಿದ್ದರೆ ವಾಪಸ್ಸು ಮನೆಗೆ. ಒಂದು ಸಲ ಸ್ವಂತ ಓರಗಿತ್ತಿಯ ಹಾಲನ್ನೇ ಎಲ್ಲರೆದುರು ವಾಪಸ್ಸು ಕಳಿಸಿ, ಆರು ತಿಂಗಳು ಒಂದೇ ಅಂಗಳದಲ್ಲಿ ಮಾತಿಲ್ಲದೆ ಓಡಾಡಿದವಳು. ಪಕ್ಕದ ಮನೆಯ ಗಟ್ಟಿ ಹಾಲನ್ನು ಲೋಟದಲ್ಲಿ ತಂದು 'ಇದೇ ನಮ್ದು, ಇದನ್ನೇ ನೋಡಕ್ಕ' ಎನ್ನುವ ಜಾಣೆಯರೂ ಇದ್ದರು. ಅಂಥವರ ಜನ್ಮ ಜಾಲಾಡಿಬಿಡುತ್ತಿದ್ದಳು. ಯಾವ ಪಾತ್ರೆಯ ಹಾಲೋ ಅದೇ ಪಾತ್ರೆಯ ಸ್ಯಾಂಪಲ್ಲು, ಇದರಲ್ಲಿ ಮಾತುಕತೆಯಿಲ್ಲ.

ಅಂಥವಳನ್ನು ಈಗ ಊರೆಲ್ಲ ಬೆಳಗೆದ್ದು ಡಿಗ್ರಿ ಕೇಳುತ್ತಿತ್ತು. ಹಾಲಿನದಲ್ಲ, ಅವಳದು.

"ರತ್ನಕ್ಕ, ಈ ಸತಿ ನಿಂದು ಎಷ್ಟು ಬಂತು?"

"ಹನ್ನೆರಡು."

"ಅಯ್ಯೋ, ಅಷ್ಟೇನಾ! ಓದ್ಸತಿ ಹದಿನಾಲ್ಕಿತ್ತಲ್ಲ? ಒಸಿ ಮೊಟ್ಟೆ ಗಿಟ್ಟೆ ತಿನ್ನಕ್ಕ, ಏರ್ತದೆ."

ಹೀಗೆ ಕೇಳಿದ ಚಿಕ್ಕವೆಂಕಟಮ್ಮನಿಗೆ ಅವಳು ಇದೇ ವಿಷಯವನ್ನು ಹಿಂದೆ ನಾಲ್ಕು ಸಲ ಬಿಡಿಸಿ ಹೇಳಿದ್ದಳು. ಏರಬಾರದು, ಇಳೀಬೇಕು, ಮೂವತ್ತೈದರ ಕೆಳಗಿದ್ದರೆ ಒಳ್ಳೇದು ಅಂತ. ಐದನೆಯ ಸಲ ಹೇಳುವಷ್ಟು ಆಯಸ್ಸು ತನಗಿದೆಯೋ ಇಲ್ಲವೋ ಎಂದು ಗೊಣಗಿಕೊಂಡು, "ಮುಂದಕ್ಕೆ ಬಾರೇ, ನಿನ್ನ ಆಲು ತೋರ್ಸು" ಎಂದಳು.

ತೊಂಬತ್ಮೂರನೆಯ ಇಸವಿಯ ದೀಪಾವಳಿ ಕಳೆದ ಮೇಲೆ ಅವಳ ಹೊಟ್ಟೆ ಊದಿಕೊಂಡಿತ್ತು. ಎರಡು ತಿಂಗಳು ಗ್ಯಾಸು ಎಂದು ಓಮಿನ ಕಷಾಯ ಕುಡಿದದ್ದಾಯಿತು. ಆಮೇಲೆ ಬೆಂಗಳೂರಿನ ದೊಡ್ಡಾಸ್ಪತ್ರೆ. ಅಂಡಾಶಯದ ಕ್ಯಾನ್ಸರ್ ಎಂದರು, ಹೊಟ್ಟೆ ಕೊಯ್ದು ಗರ್ಭಕೋಶದ ಸಮೇತ ತೆಗೆದರು, ಮೂರು ವಾರಕ್ಕೊಂದರಂತೆ ಆರು ಡ್ರಿಪ್ಪು ಹಾಕಿದರು. ತಲೆಗೂದಲೆಲ್ಲ ದಿಂಬಿನ ಮೇಲೆ ಉಳಿಯಿತು. ಅಲ್ಲಿಯ ಡಾಕ್ಟರಮ್ಮ ನಿಧಾನಸ್ಥೆ, ಅರ್ಥವಾಗುವ ಹಾಗೆ ಹೇಳಿದ್ದರು. "ಈ ಗೆಡ್ಡೆ ರಕ್ತಕ್ಕೆ ಒಂದು ಪದಾರ್ಥ ಬಿಡುತ್ತಮ್ಮ. ಅದೇ ನಮಗೆ ಗುರುತು. ಗೆಡ್ಡೆ ಬೆಳೆದರೆ ನಂಬರ್ ಏರುತ್ತೆ, ಕರಗಿದರೆ ಇಳಿಯುತ್ತೆ. ಬೇರೆ ಕಾರಣಕ್ಕೂ ಒಮ್ಮೊಮ್ಮೆ ಏರಬಹುದು. ಆದ್ದರಿಂದ ಏರಿದರೆ ಸುಮ್ಮನೆ ಕೂರದೆ ನನಗೆ ತೋರಿಸಬೇಕು, ಅಷ್ಟೆ."

ಪರೀಕ್ಷೆಯ ಹೆಸರು ಸಿ.ಎ. ನೂರಿಪ್ಪತ್ತೈದು. ಹೆಸರಲ್ಲೇ ಒಂದು ನಂಬರು ಇಟ್ಟ ಆ ಮಹಾನುಭಾವ ಯಾರೋ, ಅವನು ಕೈಗೆ ಸಿಕ್ಕಿದ್ದರೆ ಅವಳು ಬಿಡುತ್ತಿರಲಿಲ್ಲ. ಚೀಟಿ ಓದಿದವರೆಲ್ಲ ಅವಳಿಗೆ ನೂರಿಪ್ಪತ್ತೈದು ಬಂದಿದೆ ಎಂದು ಊರೆಲ್ಲ ಸಾರುತ್ತಿದ್ದರು. ನಿಜಕ್ಕೂ ಮೊದಲು ಬಂದದ್ದು ಏಳುನೂರ ಇಪ್ಪತ್ತು. ಅವಳ ಗಂಡ ಶ್ರೀರಾಮಪ್ಪ ಉರಿಗಾಂ ಗಣಿಯಲ್ಲಿ ಕಲ್ಲಿನ ಚೂರು ಆರಿಸಿ, ಚೀಲಕ್ಕೆ ಚೀಟಿ ಕಟ್ಟಿ, ಚಿನ್ನ ಎಷ್ಟಿದೆ ಎಂದು ನೋಡುವ ಆಫೀಸಿಗೆ ಒಯ್ಯುವವನು. ನಂಬರು ಏರಿದರೆ ಸಾಹೇಬರಿಂದ ಕೂಲಿಯವರೆಗೆ ಎಲ್ಲರ ಮುಖ ಅರಳುವ ಜಾಗದಲ್ಲಿ ಇಪ್ಪತ್ತು ವರ್ಷ ಸವೆಸಿದ್ದ. ಏಳುನೂರ ಇಪ್ಪತ್ತು ಎಂದಾಗ ಅವನ ಮುಖವೂ ಒಂದು ಗಳಿಗೆ ಅರಳಿತ್ತು. ಮಂಚದ ಮೇಲಿಂದಲೇ ಅವಳು ಅದನ್ನು ನೋಡಿದ್ದಳು, ಇವತ್ತಿಗೂ ಮರೆತಿರಲಿಲ್ಲ.

ಡ್ರಿಪ್ಪು ಮುಗಿಯುವ ಹೊತ್ತಿಗೆ ನಂಬರು ಇಪ್ಪತ್ತೆರಡಕ್ಕೆ ಬಂತು, ಆಮೇಲೆ ಹದಿನಾಲ್ಕು, ಹನ್ನೆರಡು. ಮೂರು ತಿಂಗಳಿಗೊಮ್ಮೆ ಬಂಗಾರಪೇಟೆ ಸ್ಟೇಷನ್ ಹತ್ತಿರ ಕೋದಂಡಪ್ಪ ಎಂಬುವನ ಲ್ಯಾಬಿನಲ್ಲಿ ರಕ್ತ ಕೊಡಬೇಕು. ಅವನು ಅದನ್ನು ಐಸು ತುಂಬಿದ ಫ್ಲಾಸ್ಕಿನಲ್ಲಿಟ್ಟು ಬೆಳಗಿನ ಟ್ರೇನಿಗೆ ಬೆಂಗಳೂರಿಗೆ ಕಳಿಸುತ್ತಿದ್ದ. ಐದು ದಿನಕ್ಕೆ ಉತ್ತರ. ಇಷ್ಟರಲ್ಲಿ ಕಷ್ಟವೇನಿಲ್ಲ. ಕಷ್ಟವೆಲ್ಲ ಅವಳ ಕೈಗಳಲ್ಲಿತ್ತು. ಆರು ಡ್ರಿಪ್ಪಿನ ಔಷಧಕ್ಕೆ ನರಗಳೆಲ್ಲ ಒಣಗಿದ ಹಗ್ಗದಂತೆ ಗಟ್ಟಿಯಾಗಿದ್ದವು. ಕಳೆದ ಸಲ ಕೋದಂಡಪ್ಪ ಏಳು ಕಡೆ ಚುಚ್ಚಿದ್ದ. ಏಳನೆಯದಕ್ಕೆ ಅವನಿಗೇ ಕಣ್ಣಲ್ಲಿ ನೀರು ಬಂದಿತ್ತು.

ಈ ಏಳು ಚುಚ್ಚಿನ ಕತೆಯನ್ನು ಕದಿರಮ್ಮನ ಮುಂದೆ ಹೇಳಿದ್ದೇ ತಪ್ಪಾಯಿತು.

ಕದಿರಮ್ಮ ಅವಳ ತಂಗಿ, ಐದು ವರ್ಷಕ್ಕೆ ಚಿಕ್ಕವಳು. ಬೂದಿಕೋಟೆಯ ಬಚ್ಚಪ್ಪನ ಹೆಂಡತಿ, ಎರಡು ಸೀಮೆಹಸು, ಒಂದು ದೊಡ್ಡ ಬಾಯಿ. ಎಲ್ಲರ ಕಷ್ಟವನ್ನೂ ತಾನೇ ಹೊತ್ತು, ಹೊತ್ತದ್ದನ್ನು ನಾಲ್ಕೂರಿಗೆ ಕೇಳುವಂತೆ ಹೇಳಿಕೊಂಡು ತಿರುಗುವವಳು. ಅಕ್ಕನ ಆಪರೇಷನ್ನಿಗೆ ರಕ್ತ ಬೇಕೆಂದಾಗ ಎಲ್ಲರಿಗಿಂತ ಮುಂದೆ ಹೋಗಿ ಕೈ ಚಾಚಿದ್ದಳು. ಅದು ಅಕ್ಕನ ರಕ್ತಕ್ಕೆ ಹೊಂದಿಕೊಂಡು ಒಂದು ಬಾಟ್ಲು ಒಳಗೆ ಹೋಯಿತು. ಅಲ್ಲಿಂದಾಚೆಗೆ ಬಸ್ಸಿನ ಕಂಡಕ್ಟರಿಗೂ ಹೇಳುತ್ತಿದ್ದಳು. "ನಮ್ಮಕ್ಕನ ಮೈಯಾಗೆ ಓಡ್ತಾ ಇರೋದು ನನ್ನ ರಕ್ತ."

ತೊಂಬತ್ತೈದರ ಆರಂಭ, ಅವರೆಕಾಯಿ ಕಾಲ. ಕದಿರಮ್ಮ ಒಂದು ಚೀಲ ಕಾಯಿ ಹೊತ್ತು ಬಂದವಳು ಗೋಡೆಯ ಮೊಳೆಗೆ ಸಿಕ್ಕಿಸಿದ್ದ ಡಾಕ್ಟರ ಚೀಟಿ ಕಂಡಳು.

"ಇನ್ನ ಓಗಿಲ್ವಾ ಬಂಗಾರಪೇಟೆಗೆ?"

"ಓಗ್ಬೇಕು. ಈ ಕೈ ನೋಡಿದ್ರೆ ಓಗೋಕೇ ಮನಸು ಬರಲ್ಲ."

"ನಾನು ವಾರದಾಗೆ ಎರಡು ಸತಿ ಓಗ್ತೀನಲ್ಲ. ನಾನೇ ಕೊಟ್ಟು ಬತ್ತೀನಿ ಬುಡು."

"ಏನು ಕೊಡ್ತೀಯೇ?"

"ರಕ್ತ."

"ಯಾರದೇ?"

"ನಂದೇ! ನಂದೇನು, ನಿಂದೇನು? ಆಸ್ಪತ್ರೆಯೋರೇ ಮ್ಯಾಚ್ ಆಯ್ತು ಅಂತ ಏಳಿಲ್ವಾ? ಒಂದೇ ಒಟ್ಟೆಯಾಗೆ ಉಟ್ಟಿದೋರು. ಅಲ್ದೆ ನನ್ನ ಬಾಟ್ಲು ನಿನ್ನೊಳಗೇ ಐತೆ. ಎಲ್ಲಿ ತಗೊಂಡ್ರೇನು, ಅದೇ ರಕ್ತ."

ಇದು ಸುಳ್ಳು ಸ್ಯಾಂಪಲ್ಲು ಎಂದು ವೆಂಕಟರತ್ನಮ್ಮನಿಗೆ ಗೊತ್ತಾಗಲಿಲ್ಲವೇ? ಗೊತ್ತಾಯಿತು. ಇದೇ ಮಾತನ್ನು ಡೈರಿಯಲ್ಲಿ ಯಾರಾದರೂ ಆಡಿದ್ದರೆ ಪಾತ್ರೆ ಸಮೇತ ಆಚೆಗೆ ಅಟ್ಟುತ್ತಿದ್ದಳು. ಆದರೆ ಮೊಣಕೈ ಒಳಗಿನ ಗಟ್ಟಿ ನರ ಇನ್ನೂ ನೋಯುತ್ತಿತ್ತು, ಎರಡು ಬಸ್ಸು ಬದಲಾಯಿಸುವ ದಾರಿ ಕಣ್ಣ ಮುಂದೆ ಬಂತು, ನಂಬರು ಹೇಗೂ ಇಳಿಯುತ್ತಲೇ ಇದೆ ಎನ್ನಿಸಿತು. ಇದೆಲ್ಲಕ್ಕಿಂತ ಹೆಚ್ಚಾಗಿ, ಈ ತಂಗಿಯ ಜೊತೆ ವಾದ ಮಾಡುವ ಶಕ್ತಿ ಇರಲಿಲ್ಲ.

"ಏನಾನ ಮಾಡ್ಕೊಂಡು ಆಳಾಗೋಗು," ಎಂದಳು.

ಕದಿರಮ್ಮ ಅದನ್ನು ಅಪ್ಪಣೆ ಎಂದುಕೊಂಡು ಚೀಟಿಯನ್ನು ಎಲೆಯಡಿಕೆ ಚೀಲಕ್ಕೆ ತುರುಕಿಕೊಂಡಳು. ಮಾರನೆಯ ದಿನ ಕೋದಂಡಪ್ಪ ರಜದಲ್ಲಿದ್ದ. ಬದಲಿಗೆ ಕೂತಿದ್ದ ಹೆಂಗಸು ಚೀಟಿಯ ಹೆಸರು ಕೂಗಿದಾಗ ಕದಿರಮ್ಮ ಹೂಂ ಎಂದು ಕೈ ಚಾಚಿದಳು. ಒಂದೇ ಚುಚ್ಚಿಗೆ ಬಂತಂತೆ. ಅವತ್ತು ಸಂಜೆ ಶ್ರೀರಾಮಪ್ಪ ಷಿಫ್ಟು ಮುಗಿಸಿ ಬಂದು, "ಓಗಿದ್ಯಾ?" ಎಂದ. ಮನೆ ಹಿತ್ತಲಲ್ಲಿ ಒಬ್ಬಳೇ ಕೂತು ದಿನವೆಲ್ಲ ಅವರೆಕಾಯಿ ಬಿಡಿಸಿದ್ದ ವೆಂಕಟರತ್ನಮ್ಮ, ಅವನ ಭಾಷಣ ತಪ್ಪಿಸಿಕೊಳ್ಳಲು, "ಓಗಿದ್ದೆ, ಕೊಟ್ಟು ಬಂದೆ" ಎಂದುಬಿಟ್ಟಳು.

ಐದನೆಯ ದಿನ ಅವನು ಬಂಗಾರಪೇಟೆಯಿಂದ ಕಾಗದ ತಂದ. ಸೈಕಲ್ಲನ್ನು ಗೋಡೆಗೆ ಒರಗಿಸಲಿಲ್ಲ, ಹಾಗೇ ನೆಲಕ್ಕೆ ಬಿಟ್ಟ. ಅದರಿಂದಲೇ ಅವಳಿಗೆ ಅರ್ಧ ಗೊತ್ತಾಯಿತು.

"ಇನ್ನೂರ ಎಂಬತ್ತಾರು," ಎಂದ. "ಡಾಕ್ಟರಮ್ಮಂಗೆ ಫೋನ್ ಮಾಡ್ದೆ. ಇನ್ನೊಂದು ಸತಿ ರಕ್ತ ಕೊಟ್ಟು, ಸೋಮವಾರ ಕರ್ಕೊಂಬನ್ನಿ ಅಂದ್ರು. ಅದೂ ಇಂಗೇ ಬಂದ್ರೆ ಸ್ಕ್ಯಾನು ಗೀನು ನೋಡಿ ಮತ್ತೆ ಡ್ರಿಪ್ಪಂತೆ."

ಅವಳ ಕೈ ಹೊಸದಾಗಿ ಬೆಳೆದ ತಲೆಗೂದಲಿಗೆ ಹೋಯಿತು. ಆಮೇಲೆ ಥಟ್ಟನೆ ನೆನಪಾಯಿತು, ಅದು ತನ್ನ ರಕ್ತವಲ್ಲ. ನಂದಲ್ಲ, ನಂದಲ್ಲ ಎಂದು ಎದೆ ಕುಣಿದೇಬಿಟ್ಟಿತು. ಎಷ್ಟು ಸಂತೋಷವಾಯಿತೆಂದರೆ ಅವಳು ನಕ್ಕಳು. ಶ್ರೀರಾಮಪ್ಪ ಹೆದರಿ ಅವಳ ಮುಖ ನೋಡಿದ. ಹಾಗೆ ನಗುತ್ತಲೇ ಅವಳಿಗೆ ಇನ್ನೊಂದು ಹೊಳೆಯಿತು. ತನ್ನದಲ್ಲವಾದರೆ ಅದು ಕದಿರಿಯದು. ನಕ್ಕದ್ದಕ್ಕೆ ತನ್ನ ಬಾಯಿಗೆ ತಾನೇ ಹೊಡೆದುಕೊಳ್ಳಬೇಕೆನ್ನಿಸಿತು.

"ಅದು ನಂದಲ್ಲ," ಎಂದಳು. "ಕದಿರೀದು. ಅವತ್ತು ಓಗಿದ್ದು ಅವಳು."

"ನೀನೇ ಓಗಿದ್ದೆ ಅಂದ್ಯಲ್ಲ?"

"ಸುಳ್ಳೇಳಿದ್ದೆ."

ಶ್ರೀರಾಮಪ್ಪ ಪಾಪದವನು. ಹೆಂಡತಿಯ ಹೆಗಲ ಮೇಲೆ ಕೈಯಿಟ್ಟು, ಕರುವನ್ನು ಸಮಾಧಾನ ಮಾಡುವ ದನಿಯಲ್ಲಿ, "ಎದರ್ಕೋಬೇಡ ರತ್ನ. ಡ್ರಿಪ್ಪು ಒಂದ್ಸತಿ ತಡ್ಕೊಂಡಿದ್ದೀಯ, ಇನ್ನೊಂದ್ಸತಿ ತಡ್ಕೊಂತೀಯ" ಎಂದ. ಹುಟ್ಟಿದಾಗಿನಿಂದ ಒಂದು ಸುಳ್ಳೂ ಹೇಳದವಳು ಒಂದೇ ಒಂದು ಹೇಳಿದ್ದಳು, ಅದನ್ನು ಮಾತ್ರ ಅವನು ಗಟ್ಟಿಯಾಗಿ ಹಿಡಿದುಕೊಂಡಿದ್ದ. ಅವಳಿಗೆ ಗೋಡೆಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

ಕದಿರಮ್ಮನಿಗೆ ಹೇಳಿ ಕಳಿಸಿದರು. ಅವಳು ಮೊದಲ ಬಸ್ಸಿಗೆ ಬಂದಳು, ಬಾಗಿಲಲ್ಲೇ ಅಳು ಶುರು ಮಾಡಿದಳು, ಅಕ್ಕನನ್ನು ತಬ್ಬಿಕೊಂಡಳು. ವೆಂಕಟರತ್ನಮ್ಮ ಬಿಡಿಸಿಕೊಂಡು, "ಅಳೋದು ಆಮೇಲೆ. ನಿಮ್ಮ ಬಾವಂಗೆ ಏಳು, ಅವತ್ತು ರಕ್ತ ಕೊಟ್ಟಿದ್ದು ಯಾರು?" ಎಂದಳು.

ಕದಿರಮ್ಮ ಅಕ್ಕನನ್ನು ನೋಡಿದಳು, ಬಾವನನ್ನು ನೋಡಿದಳು, ಕೊನೆಗೆ ಅವನ ಕೈಯ ಕಾಗದ ನೋಡಿದಳು.

"ನೀನೇ ಅಲ್ವಾ ಅಕ್ಕ?" ಎಂದಳು.

ಇಪ್ಪತ್ತು ವರ್ಷದಲ್ಲಿ ಹಾಲಿಗೆ ನೀರು ಬೆರೆಸಿ ಮುಖ ನೋಡಿ ಸುಳ್ಳು ಹೇಳಿದವರು ನೂರು ಜನ ಇದ್ದಾರು. ಇಷ್ಟು ಸಲೀಸಾಗಿ ಹೇಳಿದವಳನ್ನು ಅವಳು ಕಂಡಿರಲಿಲ್ಲ. "ನೋಡಿದ್ಯಾ?" ಎಂಬಂತೆ ಶ್ರೀರಾಮಪ್ಪ ತಲೆಯಾಡಿಸಿ, ಆಸ್ಪತ್ರೆಯ ಚೀಲಕ್ಕೆ ಸೀರೆ, ಚೊಂಬು, ಹೊದಿಕೆ ತುಂಬತೊಡಗಿದ. ಕೋದಂಡಪ್ಪನ ಬದಲಿಗೆ ಬಂದಿದ್ದ ಹೆಂಗಸನ್ನು ಕೇಳೋಣವೆಂದರೆ ಅವಳಿಗೆ ದಿನಕ್ಕೆ ಮೂವತ್ತು ಕೈ, ಯಾವ ಕೈ ಯಾರದೆಂದು ನೆನಪಿರಲು ಸಾಧ್ಯವೇ?

ವೆಂಕಟರತ್ನಮ್ಮ ತಂಗಿಯ ರಟ್ಟೆ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದಳು.

"ಯಾಕೇ ಸುಳ್ಳೇಳ್ದೆ?"

"ಆ ನಂಬರು ನಿಂದೇ ಅಕ್ಕ. ನಿನ್ನ ರಕ್ತ ನನ್ನೊಳಗೆ..."

"ನನ್ನ ರಕ್ತ ನಿನ್ನೊಳಗೆ ಯಾವಾಗ ಬಂತೇ? ಕೊಟ್ಟೋಳು ನೀನು, ತಗೊಂಡೋಳು ನಾನು! ಬುದ್ಧಿ ಎಲ್ಲಿಟ್ಟಿದ್ದೀಯ?"

"ನಾನು ಬಂಡೆ ಇದ್ದಂಗಿದ್ದೀನಿ. ಆಸ್ಪತ್ರೆಯೋರೇ ಚೆನ್ನಾಗೈತೆ ಅಂದು ನನ್ನ ರಕ್ತ ತಗೊಂಡಿಲ್ವಾ?"

"ಅವರು ನೋಡಿದ್ದು ಅದೇ ಬೇರೆ, ಇದೇ ಬೇರೆ. ಡಿಗ್ರಿ ಸರಿಯಿದ್ದ ಆಲು ಒಡೆಯಲ್ಲ ಅಂತೈತಾ? ಬಾ, ಇಬ್ಬರೂ ಓಗಾನ. ಎರಡು ಟ್ಯೂಬಲ್ಲಿ ಕೊಡಾನ. ಜಗಳ ಬಂದ್ರೆ ಡೈರಿಯಾಗೆ ಅಂಗೇ ಮಾಡೋದು, ಇಬ್ಬರ ಪಾತ್ರೇನೂ ಎಲ್ಲರ ಮುಂದೆ ಇನ್ನೊಂದ್ಸತಿ ನೋಡೋದು."

ಕದಿರಮ್ಮ ಕೈ ಕಿತ್ತುಕೊಂಡಳು. ಅಷ್ಟು ದೊಡ್ಡ ಬಾಯಿಯವಳ ದನಿ ಸಣ್ಣಗಾಗಿತ್ತು.

"ಅಮ್ಮನ್ನ ಕೊನೇಲಿ ನೀನು ನೋಡಿಲ್ಲ. ನೀನು ಮದುವೆಯಾಗಿ ಇಲ್ಲಿಗೆ ಬಂದ್ಬುಟ್ಟಿದ್ದೆ. ನಾನು ನೋಡಿದ್ದೀನಿ. ಒಟ್ಟೆ ಇಷ್ಟು ದಪ್ಪ, ಕಾಲು ಕಡ್ಡಿ. ನೀರು ತುಂಬ್ಕೊಂಡೈತೆ ಅಂದ್ರು ಎಲ್ಲಾರೂ. ನಾನು ರಕ್ತದ ಬಟ್ಟೆ ಒಗೆದಿದ್ದೀನಿ ಅಕ್ಕ, ನಂಗೊತ್ತು. ನಿಂಗೂ ಅದೇ ಬಂದಾಗ ನಾನು ದೇವರಿಗೆ ಏಳಿದ್ದೆ, ಇಬ್ಬರನ್ನ ಇಡ್ಕೊಂಡ್ಯಲ್ಲ, ಸಾಕು ಅಂತ. ನಂಗೆ ಗೊತ್ತಾಗೋದು ಬ್ಯಾಡ."

ಆಸ್ಪತ್ರೆ ಸೇರಿದ ದಿನ 'ನಿಮ್ಮ ಮನೆಯಲ್ಲಿ ಬೇರೆ ಯಾರಿಗಾದರೂ ಕ್ಯಾನ್ಸರ್ ಇತ್ತಾ?' ಎಂದು ಡಾಕ್ಟರಮ್ಮ ಕೇಳಿದ್ದರು. ಇಲ್ಲ ಎಂದಿದ್ದಳು ವೆಂಕಟರತ್ನಮ್ಮ. ಅಮ್ಮ ಮುನಿಶಾಮಮ್ಮ ಸತ್ತದ್ದು ನೀರು ತುಂಬಿಕೊಂಡು, ಅದು ಕ್ಯಾನ್ಸರ್ ಹೇಗಾದೀತು? ಕದಿರಿಗೆ ಗೊತ್ತಿತ್ತು, ಇಷ್ಟು ವರ್ಷ ಬಾಯಿ ಬಿಟ್ಟಿರಲಿಲ್ಲ. ಬೇಡದ್ದನ್ನೆಲ್ಲ ಊರಿಗೆ ಡಂಗುರ ಹೊಡೆಯುವವಳು ಬೇಕಾದ ಒಂದನ್ನು ಮಾತ್ರ ಹೊಟ್ಟೆಯಲ್ಲಿಟ್ಟುಕೊಂಡಿದ್ದಳು. ವೆಂಕಟರತ್ನಮ್ಮನಿಗೆ ಅವಳ ಕೆನ್ನೆಗೆ ಬಾರಿಸಬೇಕೆನ್ನಿಸಿತು, ತಬ್ಬಿಕೊಳ್ಳಬೇಕೆಂದೂ ಅನ್ನಿಸಿತು. ಎರಡೂ ಮಾಡಲಿಲ್ಲ.

"ಸರಿ ಬುಡು," ಎಂದಳು. "ನಂದೇ ಅಂದ್ಯಲ್ಲ, ನಂದೇ ಆಗ್ಲಿ. ನಾಳೆ ನನ್ನ ಜೊತೆ ಬಂಗಾರಪೇಟೆಗೆ ಬಾ. ಕೈ ಇಡ್ಕೊಳೋಕಾದ್ರೂ ಬತ್ತೀಯೋ ಇಲ್ವೋ?"

ಅಷ್ಟಕ್ಕೆ ಕದಿರಮ್ಮ ಹೂಂ ಎಂದಳು.

ಮಾರನೆಯ ಬೆಳಿಗ್ಗೆ ಮೂವರೂ ಹೋದರು. ಲ್ಯಾಬೆಂದರೆ ಸ್ಟೇಷನ್ ರಸ್ತೆಯ ಒಂದು ಮಳಿಗೆ, ಒಂದು ಮೇಜು, ಎರಡು ಕುರ್ಚಿ, ಬಾಗಿಲಿಗೆ ಹಸಿರು ಪರದೆ. ಕೋದಂಡಪ್ಪ ರಜ ಮುಗಿಸಿ ಬಂದಿದ್ದ. ವೆಂಕಟರತ್ನಮ್ಮನನ್ನು ಕಂಡದ್ದೇ ಅವನ ಮುಖ ಬಾಡಿತು.

"ಬಾಮ್ಮ. ನೀರು ಚೆನ್ನಾಗಿ ಕುಡಿದಿದ್ದೀಯಾ? ಕೈ ಬೆಚ್ಚಗೆ ಮಾಡ್ಕೊ."

"ನನ್ನ ತಂಗಿ ಇಡ್ಕೊಂತಾಳೆ. ಬಾರೇ ಕದಿರಿ, ಇಲ್ಲಿ ಕೂತ್ಕೊ. ಗಟ್ಟಿಯಾಗಿ ಇಡ್ಕೊ."

ರಬ್ಬರು ಬಿಗಿದು, ಬೆರಳಲ್ಲಿ ತಟ್ಟಿ ತಟ್ಟಿ ಹುಡುಕಿ, ಕೋದಂಡಪ್ಪ ಮೊದಲನೆಯದು ಚುಚ್ಚಿದ. ಏನೂ ಬರಲಿಲ್ಲ. ಎರಡನೆಯದು ಮುಂಗೈ ಮೇಲೆ. ನರ ಜಾರಿಕೊಂಡಿತು. ಮೂರನೆಯದಕ್ಕೆ ಒಂದು ಹನಿ ಬಂದು ನಿಂತಿತು. ಕದಿರಮ್ಮ ಮುಖ ಆಚೆಗೆ ತಿರುಗಿಸಿದಳು.

"ಇತ್ಲಾಗೆ ನೋಡೇ," ಎಂದಳು ವೆಂಕಟರತ್ನಮ್ಮ.

ನಾಲ್ಕನೆಯದಕ್ಕೆ ಶ್ರೀರಾಮಪ್ಪ ಎದ್ದು ಪರದೆಯಾಚೆ ಹೋಗಿ ನಿಂತ. ಐದನೆಯದಕ್ಕೆ ಚರ್ಮದಡಿ ರಕ್ತ ಹರಡಿ ದ್ರಾಕ್ಷಿಯಷ್ಟು ಊದಿತು. ಕೋದಂಡಪ್ಪ ಸೂಜಿ ಕೆಳಗಿಟ್ಟು, "ಅಮ್ಮ, ಇವತ್ತು ಬೇಡ. ನಾಳೆ ಬಾ. ನನ್ನ ಕೈಯಲ್ಲಾಗಲ್ಲ" ಎಂದ.

"ಚುಚ್ಚಪ್ಪ," ಎಂದಳು ಅವಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ದನಿ ಮಾತ್ರ ಡೈರಿಯ ದನಿಯೇ. "ಇನ್ನೊಂದು ಕಡೆ ಚುಚ್ಚು. ಇನ್ನೂರ ಎಂಬತ್ತಾರು ನಂದಂತೆ. ನಂದೇ ಆದ್ರೆ ಇವತ್ತೇ ಸಿಗ್ಲಿ. ಡ್ರಿಪ್ಪೂ ನಂಗೇ ಆಕ್ಲಿ, ಆರಲ್ಲ, ಅನ್ನೆರಡು ಆಕ್ಲಿ. ಈ ಕೈಯಾಗೆ ಇನ್ನ ಎಲ್ಲಿ ಜಾಗ ಐತೋ ಉಡುಕಿ ಉಡುಕಿ ಚುಚ್ಲಿ. ಮನೆಯೋರೆಲ್ಲ ಸೇರಿ ನಂದು ಅಂತ ತೀರ್ಮಾನ ಮಾಡವ್ರೆ, ನಾನ್ಯಾಕೆ ಬ್ಯಾಡ ಅನ್ಲಿ? ಚುಚ್ಚು!"

ಕೋದಂಡಪ್ಪ ಏನೂ ಅರ್ಥವಾಗದೆ ಇಬ್ಬರ ಮುಖ ನೋಡಿದ. ಕೊನೆಗೆ ನಿಟ್ಟುಸಿರಿಟ್ಟು ಆರನೆಯ ಸಲಕ್ಕೆ ಸೂಜಿ ಎತ್ತಿಕೊಂಡ. ಅಷ್ಟರಲ್ಲಿ ಕದಿರಮ್ಮ ಅಕ್ಕನ ಕೈಯನ್ನು ಪಕ್ಕಕ್ಕೆ ತಳ್ಳಿ, ಬಳೆಗಳನ್ನು ಮೇಲಕ್ಕೆ ಸರಿಸಿ, ತನ್ನ ಕೈಯನ್ನು ಮೇಜಿನ ಮೇಲೆ ಇಟ್ಟಳು.

"ಅವಳನ್ನ ಬುಡಪ್ಪ. ನಂದು ತಗೊ. ಅವತ್ತೂ ನಂದೇ."

ಪರದೆಯಾಚೆಯಿಂದ ಶ್ರೀರಾಮಪ್ಪ ತಲೆ ತೂರಿಸಿದ.

"ನಂದೇ ಬಾವ," ಎಂದು ಕದಿರಮ್ಮ ಬಿಕ್ಕಿದಳು. "ಅಕ್ಕ ಏಳಿದ್ದು ನಿಜ. ನಾನೇ ಸುಳ್ಳೇಳಿದ್ದು."

"ಮೊದ್ಲೇ ಅನ್ನೋಕೆ ಏನಾಗಿತ್ತೇ ನಿಂಗೆ?" ಎಂದು ವೆಂಕಟರತ್ನಮ್ಮ ಕೂಗಿದಳು. "ಐದು ತೂತಾದ್ಮೇಲೆ ಬಂತಾ ಬುದ್ಧಿ?" ಹಾಗೆ ಕೂಗುತ್ತಲೇ ತಂಗಿಯ ತಲೆಯನ್ನು ಎದೆಗೆ ಒತ್ತಿಕೊಂಡಳು. ಕದಿರಮ್ಮನ ಕೈಯಿಂದ ಒಂದೇ ಚುಚ್ಚಿಗೆ ಟ್ಯೂಬು ತುಂಬಿತು. ಆಮೇಲೆ ಕಾಲಿನ ಪಾದದ ಮೇಲೆ ಹೇಗೋ ಒಂದು ನರ ಸಿಕ್ಕಿ ವೆಂಕಟರತ್ನಮ್ಮನದೂ ಬಂತು. ಕೋದಂಡಪ್ಪ ಹೆಸರು ಬರೆಯುವಾಗ ಅವಳು ಎದ್ದು ಹೋಗಿ ಪಕ್ಕದಲ್ಲೇ ನಿಂತಳು. ಒಂದಕ್ಕೆ ವೆಂಕಟರತ್ನಮ್ಮ, ಒಂದಕ್ಕೆ ಕದಿರಮ್ಮ. ಓದಿ ಹೇಳಿಸಿ, ಅಂಟು ಗಟ್ಟಿಯಾಗಿ ಅಂಟಿದೆಯೋ ಎಂದು ಉಗುರಲ್ಲಿ ಕೆರೆದು ನೋಡಿದಳು.

ಅವಳದು ಹದಿಮೂರು. ಕದಿರಮ್ಮನದು ಇನ್ನೂರ ತೊಂಬತ್ತೊಂದು.

ಬೆಂಗಳೂರಿನಲ್ಲಿ ಸ್ಕ್ಯಾನ್ ಮಾಡಿದಾಗ ಕದಿರಮ್ಮನ ಎಡಗಡೆಯ ಅಂಡಾಶಯದಲ್ಲಿ ನಿಂಬೆಹಣ್ಣಿಗಿಂತ ತುಸು ದೊಡ್ಡ ಗೆಡ್ಡೆ ಕಂಡಿತು. ಡಾಕ್ಟರಮ್ಮ ಎಲ್ಲ ಕತೆ ಕೇಳಿ ಮೊದಲು ಅಕ್ಕನಿಗೆ ಬೈದರು, ಆಮೇಲೆ ತಂಗಿಗೆ ಬೈದರು, ತಾಯಿಯ ವಿಷಯ ಹೇಳದೆ ಇದ್ದದ್ದಕ್ಕೆ ಇಬ್ಬರಿಗೂ ಸೇರಿಸಿ ಇನ್ನೊಮ್ಮೆ ಬೈದರು. "ಇದು ಕೆಲವು ಮನೆತನಗಳಲ್ಲಿ ಬರುತ್ತೆ. ಅದಕ್ಕೇ ಅಲ್ಲವೇ ನಾವು ಕೇಳೋದು?" ಎಂದರು. ಗೆಡ್ಡೆ ಒಡೆದಿರಲಿಲ್ಲ, ಆಚೆಗೆ ಹರಡಿರಲಿಲ್ಲ, ತನ್ನ ಸಿಪ್ಪೆಯೊಳಗೇ ಇತ್ತು. ಹೊಟ್ಟೆ ಊದಿದ ಮೇಲೆ ಬಂದಿದ್ದರೆ ಅಕ್ಕನ ಹಾಗೆಯೇ ಆಗುತ್ತಿತ್ತು ಎಂದರು. ತಂಗಿಯ ಆಪರೇಷನ್ನಿಗೆ ರಕ್ತ ಬೇಕೆಂದಾಗ ವೆಂಕಟರತ್ನಮ್ಮ ಕೈ ಚಾಚಿಕೊಂಡು ಹೋದಳು. ನರ್ಸು ಆ ಕೈ ನೋಡಿ, ಕಾಯಿಲೆಯವರು ಕೊಡುವ ಹಾಗಿಲ್ಲ ಹೋಗಮ್ಮ ಎಂದು ಅಟ್ಟಿದಳು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅವಳು ಆ ನರ್ಸಿನ ವಂಶವನ್ನೆಲ್ಲ ಶಪಿಸಿದಳು. ರಕ್ತ ಕೊಟ್ಟದ್ದು ಬಚ್ಚಪ್ಪನ ತಮ್ಮ.

ಅಲ್ಲಿಂದ ಮುಂದೆ ಮೂರು ತಿಂಗಳಿಗೊಮ್ಮೆ ಇಬ್ಬರೂ ಒಂದೇ ದಿನ ಕೋದಂಡಪ್ಪನ ಹತ್ತಿರ ಹೋಗತೊಡಗಿದರು. ಕದಿರಮ್ಮನ ನಂಬರು ಇಪ್ಪತ್ತಕ್ಕೆ ಬಂತು, ಹತ್ತಕ್ಕೆ ಬಂತು, ಒಂಬತ್ತರಲ್ಲಿ ನಿಂತಿತು. ಅವಳ ಬಾಯಿ ಮತ್ತೆ ಮೊದಲಿನಷ್ಟಾಯಿತು. ಬಸ್ಸಿನಲ್ಲಿ ಸಿಕ್ಕವರಿಗೆಲ್ಲ ಮೂವತ್ತೈದರ ಕೆಳಗಿರಬೇಕು ಎಂದು ತಾನೇ ಪಾಠ ಮಾಡುತ್ತಿದ್ದಳು.

ತೊಂಬತ್ತಾರರ ಮಾರ್ಗಶಿರದಲ್ಲಿ ಕೋದಂಡಪ್ಪ ಎರಡು ಕಾಗದ ಕೊಟ್ಟ. ಕದಿರಮ್ಮನದು ಒಂಬತ್ತು. ಕಳೆದ ಸಲ ಹತ್ತೊಂಬತ್ತಿದ್ದ ವೆಂಕಟರತ್ನಮ್ಮನದು ಐವತ್ತೆಂಟು.

ಕದಿರಮ್ಮ ಎರಡೂ ಕಾಗದ ಕಿತ್ತುಕೊಂಡಳು. ಅವಳಿಗೆ ಓದಲು ಬರುತ್ತಿರಲಿಲ್ಲ, ಅಂಕಿ ಮಾತ್ರ ಗೊತ್ತು. ಅದನ್ನೇ ತಿರುಗಿಸಿ ಮುರುಗಿಸಿ ನೋಡಿದಳು.

"ಟ್ಯೂಬು ಬದಲಾಗೈತೆ," ಎಂದಳು. "ಇದು ನಂದು. ಅಕ್ಕಂದು ಒಂಬತ್ತು, ಐವತ್ತೆಂಟು ನಂದು. ಇನ್ನೊಂದ್ಸತಿ ನೋಡಪ್ಪ ಕೋದಂಡಪ್ಪ. ಅಕ್ಕ, ನೀನಾದ್ರೂ ಏಳು! ನಂಗೆ ಮೊನ್ನೆಯಿಂದ ಒಟ್ಟೆ ಉಬ್ಬರ್ಸಿದಂಗೆ ಐತೆ, ನಂದೇ ಇದು..."

ವೆಂಕಟರತ್ನಮ್ಮನಿಗೆ ಹೆದರಿಕೆಯಾಗಿತ್ತು, ತುಂಬ ಆಗಿತ್ತು. ಅದಕ್ಕಿಂತ ಹೆಚ್ಚಾಗಿ, ಈ ಜನ್ಮದಲ್ಲಿ ಇವಳಿಗೆ ಬುದ್ಧಿ ಬರುವುದಿಲ್ಲವಲ್ಲ ಎಂದು ಸಿಟ್ಟು ಬಂದಿತ್ತು. ತಂಗಿಯ ಕೈಯಿಂದ ತನ್ನ ಕಾಗದವನ್ನು ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ನಾನೇ ನಿಂತು ಎಸ್ರು ಬರೆ‌ಸಿದ್ದೀನಿ ಕಣೇ," ಎಂದಳು. "ಈ ಸತಿ ಇದು ನಂದೇ. ಮೂಗು ಒರೆಸ್ಕೊ, ನಡಿ. ಬಸ್ಸು ಓಗ್ತದೆ."